ಆರದ ಮಣ್ಣು

"ಕೈಯೆಲ್ಲ ಮಣ್ಣು! ಸ್ವಲ್ಪ ಫೋನ್ ಹಿಡ್ಕೊಳ್ತೀರಾ?"

ರಾಗಿಣಿ ಕಶ್ಯಪನೊಡನೆ ಆಡಿದ ಮೊದಲ ಮಾತು ಅದು. ವಿಜಯನಗರದ ಕಲಾ ಕಾಲೇಜಿಗೆ ಅವನು ಆ ವಾರವಷ್ಟೇ ಸೇರಿದ್ದ. ಅವಳು ಪರೀಕ್ಷೆಗೆಂದು ಜೇಡಿಮಣ್ಣಿನಲ್ಲಿ ತಾಯಿ ಅಂಬುಜಮ್ಮನ ಮುಖ ತಿದ್ದುತ್ತಿದ್ದಳು. ಅವನು ನಗುತ್ತಲೇ ಫೋನನ್ನು ಅವಳ ಕಿವಿಗೆ ಹಿಡಿದ.

ಆ ಕಡೆ ಅವಳ ಅಣ್ಣ ಅಳುತ್ತಿದ್ದ. "ಅಮ್ಮ ಹೋಗ್ಬಿಟ್ಲು ಕಣೇ..."

ಕಶ್ಯಪನಿಗೂ ಕೇಳಿಸಿತು. ಆದರೂ ಫೋನನ್ನು ಇಳಿಸಲಿಲ್ಲ.

ವೈಕುಂಠ ಸಮಾರಾಧನೆ ಮುಗಿದರೂ ರಾಗಿಣಿ ನಂದಿನಿ ಲೇಔಟಿನ ಮನೆ ಬಿಟ್ಟು ಹೊರಡಲಿಲ್ಲ. ಪೆನ್ಸಿಲ್ ಹಿಡಿದರೆ ಗೆರೆ ಮೂಡದು. ಪುಸ್ತಕ ತೆರೆದರೆ ಅಕ್ಷರ ತಲೆಗೆ ಹತ್ತದು. ಕಣ್ಣೀರೂ ಇಲ್ಲ!

'ನೀರು ಕಾಣದ ಮಣ್ಣು ಇಷ್ಟು ಹೊತ್ತಿಗೆ ಬಿರುಕು ಬಿಟ್ಟಿರುತ್ತೆ. ಅಮ್ಮನ ಮುಖವೂ ಹೋಯ್ತು... ಇನ್ನು ಕಾಲೇಜು ಯಾತಕ್ಕೆ?'

ಓದು ಬಿಡುವೆನೆಂದು ಹೇಳಲು ಒಂದು ಬೆಳಿಗ್ಗೆ ಹೋದಳು. ಕೊನೆಯ ಸಲವೆಂದು ಶಿಲ್ಪದ ಕೋಣೆಗೆ ಇಣುಕಿದಳು.

ಅಮ್ಮನ ಮುಖದೆದುರು ಕಶ್ಯಪ್ ನಿಂತಿದ್ದ. ಮಣ್ಣಿನ ಕೆನ್ನೆಯ ಮೇಲೆ ಹೆಬ್ಬೆರಳಿನ ಗುರುತು!

"ನಮ್ಮಮ್ಮನ್ನ ತಿದ್ದೋಕೆ ನೀವ್ಯಾರ್ರೀ?"

ಅವನು ತಲೆ ತಗ್ಗಿಸಿದ. ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಬೈದು ಮುಗೀತೇನಮ್ಮ?" ಎನ್ನುತ್ತ ಬಂದರು ಮೇಷ್ಟ್ರು ಬಸವಲಿಂಗಪ್ಪ. "ಮಣ್ಣು ಆರದಿರ್ಲಿ ಅಂತ ದಿನಾ ಬಟ್ಟೆ ನೆನೆಸಿ ಹೊದಿಸ್ತಾನೆ. ಭಾನುವಾರ ವಾಚ್‌ಮನ್ ಹತ್ರ ಬೈಸ್ಕೊಂಡೂ ಬಂದಿದಾನೆ. ಮಹಾರಾಯ, ತನ್ನ ಪರೀಕ್ಷೆಯ ಮಣ್ಣನ್ನೇ ಮರೆತ. ಅಲ್ನೋಡು, ಬಿರುಕು ಬಿಟ್ಟ ಮೂಗು!"

"ಬಟ್ಟೆ ಜಾರ್ತು... ಹಿಡಿಯೋಕೆ ಹೋಗಿ ಬೆರಳು ತಗುಲ್ತು," ಎಂದ ಕಶ್ಯಪ್. "ಸರಿ ಮಾಡೋ ಧೈರ್ಯ ಬರ್ಲಿಲ್ಲ. ಅದು ನಿಮ್ಮ ಕೈಯಿಂದಲೇ ಆಗ್ಬೇಕು."

ರಾಗಿಣಿ ಮಣ್ಣು ಮುಟ್ಟಿದಳು. ಹಸಿ... ತಂಪು! ಜ್ವರ ಬಂದಾಗ ಅಮ್ಮ ಹಣೆಯ ಮೇಲೆ ಇಡುತ್ತಿದ್ದ ಒದ್ದೆ ಬಟ್ಟೆ ನೆನಪಾಯಿತು. ಅಷ್ಟು ದಿನ ಬಾರದ ಅಳು ಉಕ್ಕಿ ಬಂತು.

"ಅಳು ತಾಯಿ. ಮನಸ್ಸು ಹಗುರಾದ್ರೇನೇ ಕೈ ಓಡೋದು," ಎಂದರು ಮೇಷ್ಟ್ರು.

ಅತ್ತು ಮುಗಿಸಿ, ಮುಖ ತೊಳೆದು, ದುಪಟ್ಟಾ ಸೊಂಟಕ್ಕೆ ಬಿಗಿದಳು. "ಇದನ್ನ ಮುಗಿಸೇ ಮುಗಿಸ್ತೀನಿ ಸಾರ್!"

ಹಲವು ದಿನ ಕಶ್ಯಪ್ ಪಕ್ಕದಲ್ಲೇ ಇದ್ದು ಬಟ್ಟೆ ನೆನೆಸಿಕೊಟ್ಟ; ಅವಳು ಮುಗಿಸಿದಳು. ಗುರುತನ್ನು ಮಾತ್ರ ಅಳಿಸಲಿಲ್ಲ.

"ಅದನ್ಯಾಕೆ ಬಿಟ್ರಿ?" ಎಂದ ಕಶ್ಯಪ್.

"ನಕ್ಕರೆ ಅಮ್ಮನಿಗೆ ಅಲ್ಲೇ ಗುಳಿ ಬೀಳ್ತಿತ್ತು. ನಾನೇ ಮರೆತಿದ್ದೆ."

"ರಾಗಿಣಿ... ಜೀವನ ಪೂರ್ತಿ ನಿಮ್ಮ ಮಣ್ಣಿಗೆ ಬಟ್ಟೆ ನೆನೆಸೋ ಕೆಲಸ ನನಗೇ ಕೊಡ್ತೀರಾ?"

"ಕೊಟ್ಟೆ ಕಣೋ. ನಿನ್ನ ಮಣ್ಣನ್ನ ನಾನು ನೋಡ್ಕೋತೀನಿ. ಇಲ್ದಿದ್ರೆ ನೀನು ಫೇಲೇ!"

ಇಬ್ಬರೂ ಅಂಬುಜಮ್ಮನ ಮುಂದೆ ಕೈ ಮುಗಿದರು.

'ನಾರಾಯಣಾ, ನನ್ನ ತಾಯಿಯನ್ನು ನಿನ್ನ ಪಾದದ ತಂಪಿನಲ್ಲಿ ಇರಿಸಿಕೋ. ಆ ಜೀವಕ್ಕೆ ಶಾಂತಿ ಕೊಡು.'