ಅಮಾವಾಸ್ಯೆಯ ಹಸಿರು ದೀಪ

ರಜ್ಜುದರ್ಶಕ ಯಂತ್ರವು ಗ್ಯಾನಪ್ಪನ ಸೊಂಟದ ಸುತ್ತ ಎರಡು ಸಲ ತಿರುಗಿ, ಐದು ಸಲ ಕಾಲು ಎತ್ತಿಸಿ ಇಳಿಸಿ, ಕೊನೆಗೆ ಹಸಿರು ದೀಪ ಹೊತ್ತಿಸಿತು. ಮೂರು ವರ್ಷಗಳಲ್ಲಿ ಇದು ನಾಲ್ಕನೆಯ ಹಸಿರು. ಹಸಿರೆಂದರೆ ದೋಷವಿಲ್ಲ. ದೋಷವಿಲ್ಲವೆಂದರೆ ಚಿಕಿತ್ಸೆಯೂ ಇಲ್ಲ, ವಿಶ್ರಾಂತಿಯ ಚೀಟಿಯೂ ಇಲ್ಲ.

ಸ್ನಾಯುವನ್ನು ಎಲುಬಿಗೆ ಕಟ್ಟಿಹಾಕುವ ಹುರಿಗೆ ಸ್ನಾಯುರಜ್ಜು ಎನ್ನುತ್ತಾರೆ. ಅದರ ಒಂದೊಂದು ಎಳೆಯನ್ನೂ ಚರ್ಮದ ಹೊರಗಿನಿಂದಲೇ ಕಾಣಬಲ್ಲ ಈ ಯಂತ್ರವನ್ನು ರೂಪಿಸಿದವರು ಡಾ. ಸುಗುಣಾ ಇಂಗಳಗಿ. ರೋಗಿಯನ್ನು ಏನೂ ಕೇಳಬೇಕಾಗಿಲ್ಲ ಎಂಬುದೇ ಅವರ ಹೆಮ್ಮೆ. ಕೆಲವರು ನೋವಿನ ಕಡ್ಡಿಯನ್ನು ಗುಡ್ಡ ಮಾಡುತ್ತಾರೆ, ಕೆಲವರು ಗುಡ್ಡವನ್ನೇ ನುಂಗಿಕೊಂಡು ಕೂರುತ್ತಾರೆ. ಎಳೆಗಳು ಹಾಗೆಲ್ಲ ಮಾಡುವುದಿಲ್ಲ. ಆದ್ದರಿಂದ ತಪಾಸಣೆಯ ನಮೂನೆಯಿಂದ ಪ್ರಶ್ನೆಗಳ ಪುಟವನ್ನೇ ಅವರು ಕಿತ್ತುಹಾಕಿದ್ದರು. ಬುದ್ಧಿವಂತರು ಮಾಡುವ ತಪ್ಪುಗಳೂ ಹೀಗೆ ಚೊಕ್ಕಟವಾಗಿಯೇ ಇರುತ್ತವೆ.

ಗ್ಯಾನಪ್ಪ ಗುಳೇದಗುಡ್ಡದ ನೇಕಾರ. ಬೇಕಾದ ಬಟ್ಟೆಯನ್ನು ಮನೆಯಲ್ಲೇ ಯಂತ್ರದಿಂದ ಇಳಿಸಿಕೊಳ್ಳುವ ಆ ಕಾಲದಲ್ಲೂ ಕುಪ್ಪಸದ ಖಣಕ್ಕೆ ಜನ ಕೈಮಗ್ಗವನ್ನೇ ಕೇಳುತ್ತಿದ್ದರು. ಕುಣಿಮಗ್ಗದ ನೇಕಾರ ನೆಲದಂಚಿಗೆ ಕೂತು, ಕುಣಿಯೊಳಗೆ ಕಾಲು ಇಳಿಬಿಟ್ಟು, ಹಲಗೆಗಳನ್ನು ದಿನವಿಡೀ ತುಳಿಯಬೇಕು. ಮಧ್ಯಾಹ್ನ ದಾಟಿತೆಂದರೆ ಗ್ಯಾನಪ್ಪನ ಎಡ ತೊಡೆಸಂದಿಯಲ್ಲಿ ಏನೋ ಟಕ್ಕೆಂದು ಸಿಕ್ಕಿಕೊಳ್ಳುತ್ತಿತ್ತು. ಆಮೇಲೆ ಕಾಲನ್ನು ಕೈಯಿಂದ ಹಿಡಿದು ಎತ್ತಿಡಬೇಕು. ಹೆಂಡತಿ ಹೊನ್ನವ್ವ ಮೊದಮೊದಲು ಎಣ್ಣೆ ಕಾಯಿಸಿ ತಿಕ್ಕಿದಳು. ಎರಡನೆಯ ಹಸಿರು ಬಂದ ದಿನ ಎಣ್ಣೆಯ ಬಟ್ಟಲು ಗೋಡೆಯ ಮಾಡ ಸೇರಿತು. ಯಂತ್ರಕ್ಕೆ ಸುಳ್ಳು ಹೇಳಲು ಬರುವುದಿಲ್ಲ, ಗಂಡಸರಿಗೆ ಬರುತ್ತದೆ ಎಂದು ಅವಳು ಓಣಿಗೆಲ್ಲ ಕೇಳುವಂತೆ ಹೇಳಿದಳು. ನೋವಿಗಿಂತ ಆ ಮಾತೇ ಅವನನ್ನು ಹೆಚ್ಚು ತಿನ್ನುತ್ತಿತ್ತು.

ನಾಲ್ಕನೆಯ ಹಸಿರಿನ ದಿನ ಸುಗುಣಾ ತಪಾಸಣಾ ಕೇಂದ್ರದಲ್ಲೇ ಇದ್ದರು. ಮುಂದಿನ ತಪಾಸಣೆಗೆ ಸೋಮವಾರ ಬನ್ನಿ ಎಂದು ಸಿಬ್ಬಂದಿ ಹೇಳಿದರೆ, ಗ್ಯಾನಪ್ಪ ಮುಂದಿನ ಅಮಾವಾಸ್ಯೆಯೇ ಇರಲಿ ಎಂದು ಹಟ ಹಿಡಿದಿದ್ದ. ಸುಗುಣಾ ಹಳೆಯ ದಾಖಲೆ ತೆಗೆಸಿದರು. ನಾಲ್ಕೂ ಸಲ ಅಮಾವಾಸ್ಯೆ.

“ಅಮಾಸಿಗೇ ಯಾಕ ಬರ್ತೀರಿ?”

“ಅವತ್ತ ಮಗ್ಗಕ್ಕ ಸೂಟಿ ನೋಡ್ರಿ ಅಕ್ಕಾರ. ಅದರ ಹಿಂದಿನ ಎರಡ ದಿನ ಮಗ್ಗಕ್ಕ ಹೊಸಾ ಹಾಸಿನ ಎಳಿ ಕೈಲೆ ಕೂಡಸೂದು, ಕಾಲಿಗೆ ಕೆಲಸ ಇರೂದಿಲ್ಲ. ಉಳಿದ ದಿನ ಮಗ್ಗ ಬಿಟ್ಟ ಹೆಂಗ ಬರ್ಲಿ?”

ಸುಗುಣಾ ಅವನ ಮನೆಯ ವಿಳಾಸ ಬರೆದುಕೊಂಡರು. ಮುಂದಿನ ವಾರ ಯಂತ್ರವನ್ನು ಬಿಚ್ಚಿಸಿ ಅವನ ಮನೆಗೇ ಹೊರಿಸಿದರು. ಬೆಳಗಿನಿಂದ ಅವನು ನೇಯ್ದ, ಅವರು ಕುಣಿಯ ಮಗ್ಗುಲಲ್ಲಿ ಕೂತು ನೋಡಿದರು. ಮಧ್ಯಾಹ್ನದ ತನಕ ಹಸಿರು. ಆಮೇಲೆ ಕೆಂಪು ಹೊತ್ತಿತು.

ಬೆನ್ನೆಲುಬಿನ ಬುಡದಿಂದ ಹೊರಟು ಸೊಂಟದ ಕೀಲಿನ ಮುಂದೆ ಹಾದು ತೊಡೆಯೆಲುಬು ಸೇರುವ ರಜ್ಜಿನಲ್ಲಿತ್ತು ದೋಷ. ಕಾಲನ್ನು ಮೇಲೆತ್ತುವುದು ಅದರ ಕೆಲಸ. ಸಾವಿರಾರು ಸಲ ತುಳಿದ ಮೇಲೆ ಅದು ಬಾತು, ಎಲುಬಿನ ದಿಬ್ಬಕ್ಕೆ ಸಿಕ್ಕಿ ಜಿಗಿಯುತ್ತಿತ್ತು. ಸೊಂಟದ ನೋವೆಂದರೆ ವೈದ್ಯರು ಕೀಲು ನೋಡುತ್ತಾರೆ, ಬೆನ್ನು ನೋಡುತ್ತಾರೆ. ಈ ಅಪರೂಪದ ಕಾರಣ ಕಣ್ಣಿಗೆ ಬೀಳುವುದೇ ಕಡಿಮೆ. ಮೂರು ದಿನ ಕಾಲಿಗೆ ಬಿಡುವು ಸಿಕ್ಕರೆ ಬಾವು ಇಳಿದು, ಹರಿದ ಎಳೆಗಳೂ ಒಂದಕ್ಕೊಂದು ಒತ್ತಿ ಕೂತು, ಯಂತ್ರದ ಕಣ್ಣಿಗೂ ಏನೂ ಕಾಣುತ್ತಿರಲಿಲ್ಲ.

ಗುಣವಾಗುತ್ತದೆಯೇ ಎಂದು ಗ್ಯಾನಪ್ಪ ಕೇಳಲಿಲ್ಲ. ಕಂಡಿಕೆಗೆ ನೂಲು ಸುತ್ತುತ್ತಿದ್ದ ಹೆಂಡತಿಯ ಕಡೆ ಕೈ ತೋರಿಸಿ, “ಆಕೀಗೊಮ್ಮೆ ತೋರಸ್ರಿ” ಎಂದ.

ಹೊನ್ನವ್ವ ಬಂದು ಕೆಂಪು ದೀಪವನ್ನು ಬಹಳ ಹೊತ್ತು ನೋಡಿದಳು. ಮೊದಲ ಸಲವೇ ಗೊತ್ತಾಗಿದ್ದರೆ ಒಂದೂವರೆ ತಿಂಗಳಲ್ಲಿ ವಾಸಿಯಾಗುತ್ತಿತ್ತು, ಈಗ ಮೂರರಲ್ಲೊಂದು ಪಾಲು ಎಳೆಗಳು ಹರಿದಿವೆ ಎಂದು ಸುಗುಣಾ ಮುಚ್ಚಿಡದೆ ಹೇಳಿದರು. ಸೂಜಿಮದ್ದು ಕೊಡಬೇಕು, ಮೂರು ತಿಂಗಳು ಹಲಗೆ ತುಳಿಯಕೂಡದು, ಆಮೇಲೂ ಅರ್ಧ ದಿನದ ಕೆಲಸ ಅಷ್ಟೇ.

“ಮೂರ ತಿಂಗಳ ಮಗ್ಗಕ್ಕ ಅಮಾಸಿನ ಇರ್ಲಿ” ಎನ್ನುತ್ತ ಹೊನ್ನವ್ವ ಮಾಡದಿಂದ ಎಣ್ಣೆಯ ಬಟ್ಟಲು ಇಳಿಸಿದಳು. ಅಷ್ಟು ಆಳದ ನೋವಿಗೆ ಎಣ್ಣೆ ತಾಗುವುದಿಲ್ಲ. ಸುಗುಣಾ ಅದನ್ನು ಹೇಳಲು ಹೋಗಲಿಲ್ಲ.

ಮರುದಿನ ಅವರು ಹಸಿರು ದೀಪದ ದಾಖಲೆಗಳನ್ನೆಲ್ಲ ದಿನದ ಪ್ರಕಾರ ಜೋಡಿಸಿ ನೋಡಿದರು. ಅಮಾವಾಸ್ಯೆಗಳಲ್ಲಿ ನೇಕಾರರು. ಮಂಗಳವಾರಗಳಲ್ಲಿ ಸಾಲುಸಾಲಾಗಿ ಕ್ಷೌರಿಕರು, ಅವರ ಅಂಗಡಿಗೆ ಅಂದೇ ರಜೆ. ದುಡಿಯುವವರೆಲ್ಲ ದುಡಿಯದ ದಿನ ನೋಡಿ ಬಂದಿದ್ದರು. ಯಂತ್ರ ಸುಳ್ಳು ಹೇಳಿರಲಿಲ್ಲ, ಅವರ ರಜೆಯ ದಿನವನ್ನಷ್ಟೇ ವರದಿ ಮಾಡಿತ್ತು. ಸುಗುಣಾಗೆ ತಮ್ಮ ಮೇಲೆಯೇ ಅಸಹ್ಯವಾಯಿತು.

ಪಟ್ಟಿಯ ಮೊದಲ ಹೆಸರು ಸಂಗಪ್ಪ ಹಡಪದ. ದಿನವಿಡೀ ನಿಂತು ಕ್ಷೌರ ಮಾಡುವಾಗ ಸೊಂಟದ ನೋವೆಂದು ಆರು ಮಂಗಳವಾರ ಬಂದು, ಆರು ಹಸಿರು ಪಡೆದು ಹೋದವನು. ಸುಗುಣಾ ತಾವೇ ಫೋನ್ ಮಾಡಿ, ಈ ಸಲ ನೀವು ಬರುವುದು ಬೇಡ, ನೀವು ಅಂಗಡಿಯಲ್ಲಿ ಕೆಲಸ ಮಾಡುವ ದಿನ ನಾವೇ ಯಂತ್ರ ತರುತ್ತೇವೆ, ಯಾವತ್ತು ಬರಲಿ ಎಂದು ಕೇಳಿದರು.

“ಅಂಗಡಿ ಮುಚ್ಚಿ ಎರಡ ವರ್ಷ ಆತ್ರಿ ಅಕ್ಕಾರ,” ಎಂದ ಸಂಗಪ್ಪ. “ನಿಲ್ಲಾಕ ಆಗಲಿಲ್ಲ. ಈಗ ನನಗ ದಿನಾ ಮಂಗಳವಾರನ. ಯಾವತ್ತರ ಬರ್ರಿ.”