ಆಚೆಯವಳು

ಕುಲುಕಿದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತೇ ಬಿಟ್ಟಿತು. ದೀಪವೂ ಆರಿತು.

ಆಸ್ಪತ್ರೆಯ ಕೊಳೆ ಬಟ್ಟೆ ತುಂಬಿದ್ದ ಗಾಡಿ ಅವಳನ್ನು ಗೋಡೆಗೆ ಒತ್ತಿ ಹಿಡಿದಿತ್ತು. ಗಂಟೆಯ ಗುಂಡಿ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಆದರೂ ಅವಳು ಒತ್ತಲಿಲ್ಲ.

'ಲಿಫ್ಟು ಕೆಡಿಸಿದ್ದು ಯಾರು ಅಂತ ಕೇಳಿದರೆ? ಹೆಸರು ಬರೆದುಕೊಂಡರೆ? ಬೇಡ... ಸುಮ್ಮನಿದ್ದುಬಿಡೋಣ.'

ಎಷ್ಟು ಹೊತ್ತು ಹಾಗೆ ನಿಂತಿದ್ದಳೋ! ಕೊನೆಗೆ ತಲೆಯ ಮೇಲೆ ಕಬ್ಬಿಣ ಕಿರ್ರೆಂದಿತು. ಒಂದು ಸೀಳು ಬೆಳಕು ಒಳಗೆ ಬಂತು. ಅದರ ಹಿಂದೆಯೇ ಒಂದು ಗಂಡು ದನಿ.

"ಒಳಗೆ ಯಾರಾದ್ರೂ ಇದೀರಾ?"

"...ಇದೀನಿ."

"ಅಯ್ಯೋ! ರೀ, ಗಂಟೆ ಇಟ್ಟಿರೋದು ಅಲಂಕಾರಕ್ಕೇನ್ರೀ? ಒತ್ತಬಾರದಾ?"

"ಲಿಫ್ಟು ನಾನು ಕೆಡಿಸಿಲ್ಲ..." ಅವಳು ಗಾಡಿಯ ಅಂಚು ಹಿಡಿದು ತಲೆಯೆತ್ತಿದಳು. "ನಿಜವಾಗ್ಲೂ ನಾನಲ್ಲ!"

ಮೇಲಿನ ದನಿ ಮೆತ್ತಗಾಯಿತು.

"ಕೆಡಿಸಿದ್ದು ಇದರ ವಯಸ್ಸು ಕಣ್ರೀ. ಪಾಪ, ಮುದುಕಪ್ಪ. ಎಲ್ಲಿ, ಕೈ ಕೊಡಿ."

ಗ್ರೀಸು ಮೆತ್ತಿದ ಕೈ ಕೆಳಗಿಳಿಯಿತು. ಗಾಡಿಯ ಮೇಲೆ ಕಾಲಿಟ್ಟು, ಆ ಕೈ ಹಿಡಿದು ಅವಳು ಮೇಲೆ ಬಂದಳು. ಹಿಡಿದ ಕೈಯನ್ನು ಬಿಡಬೇಕೆಂಬುದೇ ಅವಳಿಗೆ ಮರೆತುಹೋಗಿತ್ತು. ಅವನೂ ಬಿಡಿಸಿಕೊಳ್ಳಲಿಲ್ಲ.

"ಗಡಿ ಆಚೆ ಕಡೆಯವರಾ?"

ಮಾತಿನ ಎಳೆತದಲ್ಲೇ ಕಂಡುಹಿಡಿದುಬಿಟ್ಟ! ಅವಳು ಸರಕ್ಕನೆ ಕೈ ಎಳೆದುಕೊಂಡಳು.

"ಹೌದು. ಏನೀಗ?"

"ಏನಿಲ್ಲ... ಕೇಳೋಕೆ ಚೆನ್ನಾಗಿದೆ ಅಂದೆ."

ಆಸ್ಪತ್ರೆಯ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದೇ 'ಆಚೆಯವಳು' ಎಂದು. ಗಡಿಯ ಆಚೆ ಅವಳ ಊರು. ಅಲ್ಲಿನ ನೂಲಿನ ಗಿರಣಿ ಮುಚ್ಚಿದ ಮೇಲೆ ಅಮ್ಮನನ್ನು ಅಣ್ಣನ ಕೈಗೆ ಒಪ್ಪಿಸಿ, ಈ ದೇಶದಲ್ಲಿದ್ದ ಚಿಕ್ಕಮ್ಮನ ಮನೆಗೆ ಬಂದಿದ್ದಳು. ವರ್ಷಗಳು ಕಳೆದವು. ಚಿಕ್ಕಮ್ಮ ತೀರಿಕೊಂಡರು. ಬಾಡಿಗೆಯ ಒಂಟಿ ಕೋಣೆ, ಬಿಸಿ ಹಬೆಯ ಲಾಂಡ್ರಿ, ಮತ್ತೆ ಆ ಕೋಣೆ... ಇಷ್ಟೇ ಅವಳ ಪ್ರಪಂಚ.

ಪೌರತ್ವಕ್ಕೆ ಅರ್ಜಿ ಹಾಕಿದಾಗ ಹಳೆಯ ಪಾಸ್‌ಪೋರ್ಟನ್ನು ತನ್ನ ದೇಶಕ್ಕೆ ಒಪ್ಪಿಸಬೇಕಾಗಿತ್ತು. ಒಪ್ಪಿಸಿದಳು. ಹೊಸದಿನ್ನೂ ಬಂದಿರಲಿಲ್ಲ. ಅಲ್ಲಿಯವರೆಗೆ ಗಡಿ ದಾಟುವಂತಿಲ್ಲ. ದಾಟಿದರೆ ಅರ್ಜಿ ರದ್ದು! ಅವಳ ಮೇಲೆ ಒಂದೇ ಒಂದು ದೂರು ಬಂದರೂ ಎಲ್ಲ ಮೊದಲಿನಿಂದ.

ಹಾಗಾಗಿ ಅವಳು ಜಗಳವಾಡುತ್ತಿರಲಿಲ್ಲ. ಜೋರಾಗಿ ನಗುತ್ತಿರಲಿಲ್ಲ. ಖಾಲಿ ರಸ್ತೆಯಲ್ಲೂ ಹಸಿರು ಸಿಗ್ನಲ್ ಬೀಳುವವರೆಗೆ ನಿಂತಿರುತ್ತಿದ್ದಳು. ಈಗ ಅವಳು ಅಲ್ಲಿಯವಳೂ ಅಲ್ಲ, ಇಲ್ಲಿಯವಳೂ ಅಲ್ಲ.

ಅವತ್ತು ಅವಳನ್ನು ಮೇಲೆತ್ತಿದ ಆ ಲಿಫ್ಟ್ ಮೆಕ್ಯಾನಿಕ್ ಮಾತ್ರ ನೆಪ ಹುಡುಕಿಕೊಂಡು ಲಾಂಡ್ರಿಯ ಬಾಗಿಲಿಗೆ ಬರತೊಡಗಿದ.

"ನಿಮ್ಮ ಲಿಫ್ಟು ಹೇಗಿದೆ ನೋಡೋಣ ಅಂತ ಬಂದೆ."

"ಲಿಫ್ಟು ಆ ಕಡೆ ಇದೆ."

"ಓ... ಹೌದಲ್ವಾ!"

ಅವಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಕೆಲಸ ಬಿಟ್ಟ ಮೇಲೆ ಇಬ್ಬರೂ ಬಸ್ ನಿಲ್ದಾಣದವರೆಗೆ ನಡೆಯತೊಡಗಿದರು. ನಿಲ್ದಾಣ ಬಂದರೂ ಮಾತು ಮುಗಿಯದೆ ಮುಂದಿನ ನಿಲ್ದಾಣದವರೆಗೆ ನಡೆದರು. ಅವನಿಗೆ ಅಪ್ಪ ಅಮ್ಮ ಇರಲಿಲ್ಲ. ಸಾಕಿ ಬೆಳೆಸಿದ್ದು ಅಕ್ಕ. "ಅವಳ ಬಾಯಿ ಜೋರು, ಮನಸ್ಸು ಒಳ್ಳೇದು," ಎಂದಿದ್ದ. ಒಂದು ಭಾನುವಾರ ಊಟಕ್ಕೆ ಕರೆದ.

ಊಟವಾಯಿತು. ಅವಳು ಕೈ ತೊಳೆಯಲು ಹಿಂದೆ ಹೋದಳು. ತೆಳುವಾದ ಗೋಡೆ. ಅಕ್ಕನ ದನಿ ಸ್ಪಷ್ಟವಾಗಿ ಕೇಳಿಸಿತು.

"ಲೋ ಪೆದ್ದ, ಅವಳಿಗೆ ಬೇಕಾಗಿರೋದು ನೀನಲ್ಲ ಕಣೋ, ನಿನ್ನ ದೇಶ! ನಿನ್ನನ್ನ ಕಟ್ಟಿಕೊಂಡ್ರೆ ಅವಳ ಪೌರತ್ವ ಬೇಗ ಆಗುತ್ತೆ. ಅಷ್ಟೂ ತಿಳಿಯಲ್ವಾ?"

'ಇಲ್ಲ ಅನ್ನು... ಇಲ್ಲ ಅಂತ ಹೇಳಿಬಿಡು...' ಅವಳು ನಲ್ಲಿಯನ್ನು ಬಿಗಿಯಾಗಿ ಹಿಡಿದು ನಿಂತಳು.

"ಇರಬಹುದು ಅಕ್ಕ..." ಎಂದ ಅವನು.

ಅಷ್ಟು ಸಾಕಾಯಿತು! ಮುಂದಿನ ಮಾತಿಗೆ ಅವಳು ಕಾಯಲಿಲ್ಲ. ತಲೆನೋವೆಂದು ಹೇಳಿ ಹೊರಟುಬಿಟ್ಟಳು.

ಅದೇ ವಾರ ಅಣ್ಣನ ಫೋನ್ ಬಂತು. ಅಮ್ಮನ ಹೃದಯಕ್ಕೆ ಆಪರೇಷನ್ ಆಗಬೇಕಂತೆ. ಲಾಂಡ್ರಿಯ ಹಿಂದಿನ ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದವಳನ್ನು ಅವನು ಹುಡುಕಿಕೊಂಡು ಬಂದ. ವಿಷಯ ಕೇಳಿ ಚಡಪಡಿಸಿದ.

"ನಾವಿಬ್ರೂ ಮದುವೆ ಆಗಿಬಿಡೋಣ," ಎಂದ ತಟ್ಟನೆ. "ನಿನ್ನ ಪೌರತ್ವಾನೂ ಬೇಗ ಆಗುತ್ತೆ. ಅಮ್ಮನ್ನೂ ನೋಡಬಹುದು."

ಯಾವ ಮಾತಿಗಾಗಿ ಅವಳ ಜೀವ ಕಾದಿತ್ತೋ ಅದೇ ಮಾತು! ಆದರೆ ಭಿಕ್ಷೆಯ ಹಾಗೆ ಬಂದು ಬಿದ್ದಿತ್ತು.

"ನಿಮ್ಮ ಹತ್ರ ನಾನು ದೇಶ ಕೇಳಿದ್ನಾ?" ಅವಳು ಎದ್ದು ನಿಂತಳು. "ಬೇಡ. ಇನ್ನು ಈ ಕಡೆ ಬರಬೇಡಿ."

"ನಾನು ಹೇಳಿದ್ದು ಹಾಗಲ್ಲ..."

"ದಯವಿಟ್ಟು ಹೋಗಿ!"

ಅವನು ಹೋದ. ಕೆಲವೇ ದಿನಗಳಲ್ಲಿ ಆಸ್ಪತ್ರೆಯ ಲಿಫ್ಟಿಗೆ ಬೇರೆ ಮೆಕ್ಯಾನಿಕ್ ಬರತೊಡಗಿದ.

ಆಪರೇಷನ್ನಿಗೆ ಮುಂಚೆ ಮಗಳ ಮುಖ ನೋಡಲೇಬೇಕೆಂದು ಅಮ್ಮ ಹಟ ಹಿಡಿದರು. ಅಣ್ಣ ಅವರನ್ನು ಗಡಿಯ ಸೇತುವೆಗೆ ಕರೆತಂದ. ಸೇತುವೆಯ ಮೇಲೆ ಆಚೆಗೊಂದು ಬೇಲಿ, ಈಚೆಗೊಂದು ಬೇಲಿ. ನಡುವೆ ಯಾರದೂ ಅಲ್ಲದ ಒಂದು ತುಂಡು ರಸ್ತೆ. ಅಮ್ಮ ಕುರ್ಚಿಯಲ್ಲಿ ಕುಳಿತಿದ್ದರು. ಎಷ್ಟು ಸಣ್ಣಗಾಗಿಬಿಟ್ಟಿದ್ದರು!

"ಸರಿಯಾಗಿ ಊಟ ಮಾಡ್ತಿದೀಯೇನೇ?" ಅಮ್ಮ ಕೂಗಿದರು.

"ಮಾಡ್ತಿದೀನಮ್ಮಾ!"

"ಸುಳ್ಳು! ಕೆನ್ನೆ ಎಲ್ಲಿ ಹೋಯ್ತು?" ಉಸಿರು ಎಳೆದುಕೊಂಡು ಮತ್ತೆ ಕೂಗಿದರು. "ನೋಡ್ಕೊಳ್ಳೋಕೆ ಯಾರಾದ್ರೂ ಇದಾರೇನೇ ನಿನಗೆ?"

ಬೇಲಿಯ ಕಾವಲುಗಾರ ನಗು ತಡೆಯಲಾರದೆ ಮುಖ ತಿರುಗಿಸಿದ.

"...ಇಲ್ಲಮ್ಮಾ!"

ಹೇಳಿದವಳು ಬೇಲಿಯ ತಂತಿಯೊಳಗೆ ಬೆರಳು ತೂರಿಸಿದಳು. ಗಾಳಿ ಬಿಟ್ಟರೆ ಏನೂ ಸಿಗಲಿಲ್ಲ. ಸಮಯ ಮುಗಿಯಿತೆಂದು ಕಾವಲುಗಾರ ಹೇಳಿದ ಮೇಲೂ ಅಮ್ಮ ಕೈ ಬೀಸುತ್ತಲೇ ಇದ್ದರು.

ಆಪರೇಷನ್ ಚೆನ್ನಾಗಿ ಆಯಿತು. ಆದರೆ ಅವಳ ದಿನಗಳು ಮುಂದೆ ಸರಿಯಲೊಲ್ಲವು. ಕೋಣೆಯ ಕಿಟಕಿಗೆ ಎದುರಾಗಿ ಬರೀ ಇನ್ನೊಂದು ಕಟ್ಟಡದ ಗೋಡೆ. 'ನಾನು ಅವನನ್ನು ಪ್ರೀತಿಸಿದೆನಾ? ಅಥವಾ ಅಕ್ಕ ಹೇಳಿದ್ದೇ ನಿಜವಾ?' ಗೋಡೆ ಏನು ಹೇಳೀತು!

ಕೊನೆಗೂ ಪೌರತ್ವದ ಕಚೇರಿಯಿಂದ ಕರೆ ಬಂತು. ಗೊತ್ತಿಲ್ಲದವರಿಂದ ತುಂಬಿದ್ದ ದೊಡ್ಡ ಸಭಾಂಗಣದಲ್ಲಿ ಕೈ ಎತ್ತಿ ಪ್ರಮಾಣ ಮಾಡಿದಳು. ಸುತ್ತ ಎಲ್ಲರೂ ಅಪ್ಪಿಕೊಳ್ಳುತ್ತಿದ್ದರು. ಅವಳಿಗೆ ಅಪ್ಪಿಕೊಳ್ಳಲು ಯಾರೂ ಇರಲಿಲ್ಲ. ಪಕ್ಕದ ಅಪರಿಚಿತ ಅಜ್ಜಿಯೊಬ್ಬರು, "ನೀನೂ ಬಾಮ್ಮ," ಎಂದು ಎಳೆದುಕೊಂಡಾಗ ತಡೆದಿದ್ದ ಅಳುವೆಲ್ಲ ಹೊರಬಂತು.

ಹೊಸ ಪಾಸ್‌ಪೋರ್ಟ್ ಹಿಡಿದು ಸೇತುವೆ ದಾಟಿದಳು. ಅಮ್ಮನ ಮಡಿಲಲ್ಲಿ ತಲೆಯಿಟ್ಟಳು. ಗಡಿಯ ಬಾಗಿಲು ಈಗ ಅವಳಿಗೆ ತೆರೆದಿತ್ತು. ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಆದರೂ...

"ಇಲ್ಲ ಅಂದ್ಯಲ್ಲ ಅವತ್ತು ಸೇತುವೆ ಮೇಲೆ," ಅಮ್ಮ ಕೂದಲು ಸವರುತ್ತ ಕೇಳಿದರು, "ಯಾರೇ ಅವನು?"

ರಜೆ ಮುಗಿಸಿ ಹಿಂದಿರುಗಿದ ಸಂಜೆಯೇ ಅವಳು ಅವನ ಮನೆಯ ಬಾಗಿಲು ತಟ್ಟಿದಳು. ತೆರೆದದ್ದು ಅಕ್ಕ. ಅಕ್ಕನ ಮುಖ ಪೆಚ್ಚಾಯಿತು.

"ಅವತ್ತು ನಾನಂದಿದ್ದು ನಿನಗೆ ಕೇಳಿಸಿತ್ತು ಅಲ್ವಾ? ಅವನು ಆವಾಗಿಂದ ನನ್ನ ಜೊತೆ ಸರಿಯಾಗಿ ಮಾತೇ ಆಡ್ತಿಲ್ಲ. ಇರು... ಲೋ, ಹೊರಗೆ ಬಾರೋ!"

ಅವನು ಬಂದ. ಗಡ್ಡ ಬೆಳೆದಿತ್ತು.

"ಪೌರತ್ವ ಬಂತಂತೆ, ಆಸ್ಪತ್ರೆಯವರು ಹೇಳಿದ್ರು," ಎಂದ ನೆಲ ನೋಡುತ್ತ.

"ಹೂಂ. ಈಗ ನನಗೆ ನಿಮ್ಮಿಂದ ಏನೂ ಬೇಕಾಗಿಲ್ಲ."

ಅವನ ಮುಖ ಬಾಡಿತು. "ಗೊತ್ತು."

"ಅದಕ್ಕೇ ಬಂದೆ."

ಅವನು ತಲೆಯೆತ್ತಿದ.

"ನನಗೆ ಅನುಮಾನ ಬಂದಿತ್ತು," ಎಂದ ಒದ್ದೆ ದನಿಯಲ್ಲಿ. "ಸುಳ್ಳು ಹೇಳಲ್ಲ. 'ಇರಬಹುದು ಅಕ್ಕ, ಆದ್ರೂ ನನಗೆ ಅವಳೇ ಬೇಕು' ಅಂದಿದ್ದೆ. ಆದ್ರೆ ಆ 'ಇರಬಹುದು' ಅನ್ನೋದನ್ನೇ ಅನ್ನಬಾರದಿತ್ತು."

"ನನಗೂ ಬಂದಿತ್ತು ಅನುಮಾನ. ನನ್ನ ಮೇಲೇ." ಅವಳ ಕಣ್ಣು ತುಂಬಿತು. "ಬೇಕಾಗಿದ್ದು ನೀವಾ, ಈ ಬಂಧನದಿಂದ ಬಿಡುಗಡೆನಾ ಅಂತ ಗೊತ್ತಾಗ್ತಿರಲಿಲ್ಲ. ಬಿಡುಗಡೆ ಸಿಕ್ತು. ಆದ್ರೂ... ನೀವೇ ಬೇಕು ಅನ್ನಿಸ್ತಿದೆ."

ಒಳಗಿನಿಂದ ಅಕ್ಕ ಕೂಗಿದಳು. "ಎಲ್ಲಾನೂ ಹೊಸ್ತಿಲಲ್ಲೇ ಮುಗಿಸ್ಬೇಡಿ! ಒಳಗೆ ಬನ್ನಿ!"

ಇಬ್ಬರೂ ನಕ್ಕರು. ಅವಳು ಈ ಸಲ ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ.

"ನನ್ನ ಮದುವೆ ಆಗ್ತೀಯಾ?" ಅವನು ಮೆಲ್ಲಗೆ ಕೇಳಿದ.

"ಯಾಕೆ?"

"ಕಾರಣ ಏನಿಲ್ಲ. ನೀನಿಲ್ದೆ ಊಟ ಸೇರ್ತಿಲ್ಲ."

"ಅಷ್ಟೇನಾ?"

"ಅಷ್ಟೇ."

"ಸರಿ..." ಅವಳು ಅವನ ಎದೆಗೆ ಹಣೆಯೊತ್ತಿದಳು. "ಅಷ್ಟು ಸಾಕು ನನಗೆ."