ಮೂರನೇ ಚರಣ

ಹಾಡು ಮೂರನೇ ಚರಣಕ್ಕೆ ಬಂದಾಗ ಢೋಲಕ್ ನಿಂತುಬಿಟ್ಟಿತು.

ಕಣ್ಣು ಮುಚ್ಚಿ ಹಾಡುತ್ತಿದ್ದ ಮಂಗಲಾ ಗಾಬರಿಯಾಗಿ ಕಣ್ಣು ತೆರೆದಳು. ಢೋಲಕ್ ಹಿಂದೆ ಕೂತ ಶಂಕರಲಿಂಗ ಅವಳನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು... ನಂಬಿ ಕೊಟ್ಟ ವಸ್ತು ಬೀದಿಯಲ್ಲಿ ಬಿದ್ದದ್ದನ್ನು ಕಂಡವನ ಮುಖ ಅದು.

ಅವನು ಢೋಲಕ್ ಪಕ್ಕಕ್ಕಿಟ್ಟ. ಕೂತವರ ನಡುವೆ ದಾರಿ ಮಾಡಿಕೊಂಡು ಹೊರಗೆ ನಡೆದುಬಿಟ್ಟ.

ಜನ ಏನೆಂದುಕೊಂಡರು ಗೊತ್ತೇ? ಹುಡುಗನಿಗೆ ಪವಿತ್ರಾತ್ಮ ಮುಟ್ಟಿದೆ, ಅದಕ್ಕೇ ಅಳು ತಡೆಯಲಾರದೆ ಎದ್ದು ಹೋದ ಎಂದುಕೊಂಡರು! ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಮಂಗಲಾ ನಗುಮುಖದಲ್ಲೇ ಹಾಡು ಮುಗಿಸಿದಳು.

'ಅಯ್ಯೋ ದೇವರೇ, ನಾನು ಏನು ಮಾಡಿಬಿಟ್ಟೆ...'

ಮಂಗೋರ್ ಹಿಲ್‌ನ ಟೇಲರ್ ಅಂಗಡಿಯೊಂದರ ಮೇಲಿನ ಹಾಲ್ ಅದು. ವಿಜಯಪುರ, ಬಾಗಲಕೋಟೆ ಕಡೆಯಿಂದ ಗೋವಾಕ್ಕೆ ದುಡಿಯಲು ಬಂದವರ ಕನ್ನಡ ಪ್ರಾರ್ಥನಾ ಸಭೆ ಪ್ರತಿ ಭಾನುವಾರ ಅಲ್ಲಿ ನಡೆಯುತ್ತದೆ. ಹಾಡಿನ ತಂಡ ಚಿಕ್ಕದು. ಬಂದರಿನಲ್ಲಿ ವೆಲ್ಡಿಂಗ್ ಮಾಡುವ ರೂಪಲಪ್ಪ ಕೀಬೋರ್ಡ್ ನುಡಿಸುತ್ತಾನೆ, ಟೈಲ್ಸ್ ಕೂರಿಸುವ ಶಂಕರಲಿಂಗ ಢೋಲಕ್ ಬಾರಿಸುತ್ತಾನೆ. ಹಾಡು ಕಟ್ಟುವುದೂ ಹಾಡುವುದೂ ಮಂಗಲಾ.

ದಾಬೋಲಿಮ್‌ನ ಹೋಟೆಲ್ಲೊಂದರಲ್ಲಿ ಅವಳ ಕೆಲಸ. ಹಾಸಿಗೆಯ ಚಾದರ ಕೊಡವುತ್ತಲೇ ಸಾಲುಗಳನ್ನು ಜೋಡಿಸಿಕೊಳ್ಳುತ್ತಿದ್ದಳು. ಅವ್ವ ಸಾವಂತ್ರೆವ್ವ ಕಾಮಾಲೆಯಿಂದ ಬದುಕಿ ಬಂದಾಗ ಒಂದು ಹಾಡು ಹುಟ್ಟಿತ್ತು. ಅವಳ ಮನೆಯವರು ಯೇಸುವನ್ನು ನಂಬಿದ್ದೇ ಆಗ. ಕೆಲಸ ಹೋದಾಗ ಒಂದು, ಮತ್ತೆ ಸಿಕ್ಕಾಗ ಒಂದು. ಅಪ್ಪ ತೀರಿಕೊಂಡಾಗಲೂ ಒಂದು.

ಹಾಡಿಗೆ ರೂಪಲಪ್ಪನದೊಂದು ಕಟ್ಟುನಿಟ್ಟು ಇತ್ತು.

"ಮೂರನೇ ಚರಣದಾಗ ಗೆಲುವು ಬರಬೇಕವ್ವಾ. ವಾರಪೂರ್ತಿ ದಣಿದು ಬಂದ ಮಂದಿ. ಅವರನ್ನ ಅಳಿಸಿ ಮನಿಗೆ ಕಳಸಬಾರದು."

ಅಪ್ಪನ ಹಾಡಿಗೂ ಮಂಗಲಾ ಹಾಗೇ ಗೆಲುವು ಹಚ್ಚಿದ್ದಳು. ಆಗ ಅವಳ ಕಣ್ಣೀರು ಇನ್ನೂ ಆರಿರಲಿಲ್ಲ. ಆ ಗೆಲುವು ಖರೆಯೇ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಇನ್ನು ಶಂಕರಲಿಂಗ. ಕಟ್ಟಡದಿಂದ ಬಿದ್ದು ಕಾಲು ಮುರಿದುಕೊಂಡಾಗ ಈ ಸಭೆಯವರೇ ಅವನನ್ನು ನೋಡಿಕೊಂಡಿದ್ದರು. ಹಾಗೆ ಬಂದವನು ಇಲ್ಲಿಯವನೇ ಆದ. ಅವನ ಅಪ್ಪ ಹಣಮಪ್ಪ ಊರಿನ ಭಜನಿ ಮೇಳದಲ್ಲಿ ಢೋಲಕ್ ಬಾರಿಸುವವನು. ಮಗನಿಗೆ ಕೈ ಕಲಿಸಿದವನೂ ಅವನೇ. ತಾನು ಕಲಿಸಿದ ಕೈ ಬೇರೆ ಕಡೆ ಬಾರಿಸುತ್ತಿದೆ ಎಂದು ತಿಳಿದಾಗ ಮುದುಕ ಕೆಂಡವಾಗಿದ್ದ.

ಅಭ್ಯಾಸ ಮುಗಿಸಿ ಮಂಗಲಾ, ಶಂಕರಲಿಂಗ ಇಬ್ಬರೂ ಗುಡ್ಡ ಇಳಿಯುತ್ತ ಮಾತಾಡುತ್ತಿದ್ದರು. ಅವಳು 'ಬ್ರದರ್' ಅನ್ನುವಳು, ಅವನು 'ಸಿಸ್ಟರ್' ಅನ್ನುವನು. ಸಭೆಯ ರೂಢಿಯೇ ಹಾಗೆ. ಆ 'ಬ್ರದರ್' ಅನ್ನುವಾಗ ಅವಳಿಗೆಷ್ಟು ಕಷ್ಟವಾಗುತ್ತಿತ್ತೋ, ಆ ದೇವರಿಗೇ ಗೊತ್ತು.

ಅಂಥ ಒಂದು ಸಂಜೆ, ಮೆಟ್ಟಿಲ ಮೇಲೆ ಕೂತು ಅವನು ಬಾಯಿ ಬಿಟ್ಟಿದ್ದ.

"ಅಪ್ಪ ಹೇಳದ ಕೇಳದ ಊರಿಂದ ಬಂದಿದ್ದ, ಸಿಸ್ಟರ್. ನಾ ಒಳಗ ಬಾರಸಾಕತ್ತಿದ್ದೆ. ಬಾಗಲದಾಗ ನಿಂತಾಂವನ್ನ ನೋಡೀನಿ... ನೋಡಿ ತಲಿ ತಗ್ಗಿಸೀನಿ. ಎಲ್ಲಾರ ಮುಂದ ಬೈದಾನು ಅಂತ ಹೆದರಿಕಿ. ಹಾಡು ಮುಗಿಸಿ ಹೊರಗ ಬಂದ್ರ ಅಪ್ಪ ಇಲ್ಲ. ಮೆಟ್ಟಲ ಮ್ಯಾಲೆ ರೊಟ್ಟಿ ಬುತ್ತಿ ಅಷ್ಟ ಇತ್ತು, ಅವನ ಟವೆಲ್‌ನಾಗ ಕಟ್ಟಿದ್ದು."

ಅಂದಿನಿಂದ ಅಪ್ಪ ಮಾತು ಬಿಟ್ಟಿದ್ದ. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ.

"ಪ್ರಾರ್ಥನಾ ಮಾಡ್ರಿ," ಎಂದಿದ್ದ ಶಂಕರಲಿಂಗ. "ಯಾರ ಮುಂದೂ ಹೇಳಬ್ಯಾಡ್ರಿ."

ಮಂಗಲಾ ಪ್ರಾರ್ಥನೆ ಮಾಡಿದಳು. ಮನಸಾರೆ ಮಾಡಿದಳು. ಮಾಡುತ್ತಿರುವಾಗಲೇ ರಾಗ ಬಂತು, ಸಾಲು ಬಂತು...

ಬಾಗಿಲ ಹೊರಗ ನಿಂತಾನ ತಂದಿ, ಬಿಸಿಲಾಗ ಬುತ್ತಿ ಹಿಡಕೊಂಡು.
ಒಳಗ ಕೂತ ಮಗ ತಲಿ ತಗ್ಗಿಸ್ಯಾನ, ಕಂಡೂ ಕಾಣದಾಂಗ ಇದ್ದುಕೊಂಡು.

ದೇವರೇ ಕೊಟ್ಟ ಹಾಡು ಎಂದು ಹಿಗ್ಗಿದಳು. ಮೂರನೇ ಚರಣದಲ್ಲಿ ತಂದೆ ತಿರುಗಿ ಬಂದು ಮಗನನ್ನು ತೆಕ್ಕೆಗೆ ತೆಗೆದುಕೊಳ್ಳುವಂತೆ ಮಾಡಿದಳು. ಶಂಕರಲಿಂಗನಿಗೆ ತಿಳಿಯದಂತೆ ರೂಪಲಪ್ಪನ ಜೊತೆ ಅಭ್ಯಾಸ ಮಾಡಿದಳು. ಹೆಸರಿಲ್ಲ, ಊರಿಲ್ಲ, ಯಾರಿಗೆ ತಿಳಿಯುತ್ತದೆ? ಸಭೆಯಲ್ಲಿ ಮೊದಲ ಸಲ ಕೇಳಿದಾಗ ಅವನ ಮನಸ್ಸು ಹಗುರಾದೀತು ಎಂದುಕೊಂಡಿದ್ದಳು. ಎಂಥ ಹುಚ್ಚು ಹುಡುಗಿ!

ಆ ಭಾನುವಾರದ ನಂತರ ಶಂಕರಲಿಂಗ ಸಭೆಗೆ ಬರಲೇ ಇಲ್ಲ. ಮಡಗಾಂವದ ಹತ್ತಿರದ ಫಾತೋರ್ಡಾದಲ್ಲಿ ಕೆಲಸ ಹಿಡಿದು ಅಲ್ಲೇ ಉಳಿದ.

ಹಾಡು ಮಾತ್ರ ಇದ್ದಲ್ಲಿ ನಿಲ್ಲಲಿಲ್ಲ. ಯಾರೋ ಫೋನ್‌ನಲ್ಲಿ ಹಿಡಿದದ್ದು ಫೋನಿಂದ ಫೋನಿಗೆ ಹರಿದಾಡಿತು. ಮಡಗಾಂವದಲ್ಲಿ ಹಾಡಿದರು, ಹುಬ್ಬಳ್ಳಿಯಲ್ಲಿ ಹಾಡಿದರು. ಎಂಥ ಹಾಡು ಕಟ್ಟಿದೆಯವ್ವಾ ಎಂದು ಹೆಂಗಸರು ಕೈ ಹಿಡಿದು ಅತ್ತರು. ಒಂದೊಂದು ಹೊಗಳಿಕೆಗೂ ಮಂಗಲಾ ಒಳಗೊಳಗೇ ಕುಗ್ಗಿದಳು. ಹೊಸ ಸಾಲು ಒಂದೂ ಹುಟ್ಟಲಿಲ್ಲ. ಪ್ರಾರ್ಥನೆಗೆ ಕೂತರೆ ಅದೇ ರಾಗ ಕಿವಿಗೆ ಬರುತ್ತಿತ್ತು, ಎದ್ದುಬಿಡುತ್ತಿದ್ದಳು.

'ದೇವರ ಹೆಸರು ಹೇಳಿ ಒಬ್ಬರ ಕಣ್ಣೀರು ಕದ್ದೆನಲ್ಲ...'

ಅಷ್ಟರಲ್ಲಿ ಫಾತೋರ್ಡಾದಿಂದ ಕರೆ ಬಂತು. ಸುತ್ತಲಿನ ಕನ್ನಡ ಸಭೆಗಳೆಲ್ಲ ಅಲ್ಲಿ ಕೂಡುತ್ತವೆ, ಆ ಹಾಡು ಬೇಕೇ ಬೇಕು ಎಂದರು. ರೂಪಲಪ್ಪ ಕುಣಿದಾಡಿದ.

ವಾರದ ರಜೆ ಬಂದ ಕೂಡಲೇ ಮಂಗಲಾ ಶಂಕರಲಿಂಗನನ್ನು ಹುಡುಕಿಕೊಂಡು ಬಸ್ ಹತ್ತಿದಳು.

ಅರ್ಧ ಕಟ್ಟಿದ ಮನೆಯೊಂದರಲ್ಲಿ ಅವನು ಮಂಡಿಯೂರಿ ಟೈಲ್ಸ್ ಕೂರಿಸುತ್ತಿದ್ದ. ಅವಳನ್ನು ಕಂಡರೂ ಕೈ ನಿಲ್ಲಿಸಲಿಲ್ಲ. ಹಸಿ ಸಿಮೆಂಟ್ ತುಳಿಯದಂತೆ ಮಂಗಲಾ ಬಾಗಿಲಲ್ಲೇ ನಿಂತಳು. ತಪ್ಪಾಯಿತು ಎಂದಳು. ಅಂದದ್ದನ್ನೇ ಮತ್ತೆ ಅಂದಳು.

ಕೊನೆಗೆ ಅವನು ತಲೆ ಎತ್ತಿದ.

"ಆ ಹಾಡು ಊರಿಗೂ ಮುಟ್ಟೇತಿ. ಯಾರೋ ಅಪ್ಪಗ ಕೇಳಿಸ್ಯಾರ. ಮಾತ ಬಿಟ್ಟಾಂವ ತಾನ ಫೋನ್ ಮಾಡಿದ. ಏನ್ ಕೇಳಿದ ಗೊತ್ತೇನ್ರಿ? 'ನಾ ಯಾವಾಗ ತಿರುಗಿ ಬಂದ್ನೋ? ನಾ ಯಾವಾಗ ನಿನ್ನ ತೆಕ್ಕಿಗೆ ತಗೊಂಡ್ನೋ?' ಅಷ್ಟ ಕೇಳಿ ಇಟ್ಟುಬಿಟ್ಟ."

ಮಂಗಲಾ ಬಾಯಿಗೆ ಸೆರಗು ಒತ್ತಿಕೊಂಡಳು.

"ಮದಲಿನ ಎರಡು ಚರಣ ನನ್ನವು. ಕೇಳದ ತಗೊಂಡ್ರಿ, ಅದನ್ನ ಮರತೇನು. ಆದ್ರ ಮೂರನೇದು... ನನಗ ಇನ್ನೂ ಸಿಗಲಾರದ ಕ್ಷಮಾ ಅದು. ಅದನ್ನ ನೀವು ಮಂದಿಗೆಲ್ಲಾ ಹಂಚಿಬಿಟ್ರಿ, ಸಿಸ್ಟರ್."

ಅವನು ಮತ್ತೆ ಟೈಲ್ಸ್ ಮೇಲೆ ಬಗ್ಗಿದ. ಅವಳು ಅಳುತ್ತಲೇ ಬಸ್ ಹತ್ತಿದಳು.

ಮನೆಯಲ್ಲಿ ಸಾವಂತ್ರೆವ್ವ ಎಲ್ಲ ಕೇಳಿದಳು. ಮಗಳ ತಲೆ ನೇವರಿಸಿದಳು, ಆದರೆ ತಪ್ಪಿಲ್ಲವೆಂದು ಹೇಳಲಿಲ್ಲ. "ಮಂದಿ ಮುಂದ ಮಾಡಿದ ತಪ್ಪನ್ನ ಮೂಲ್ಯಾಗ ಕೂತು ಅತ್ರ ತೊಳಿಯಂಗಿಲ್ಲ, ಮಗಳ" ಎಂದಳು, ಅಷ್ಟೇ.

ಫಾತೋರ್ಡಾದ ಸಭೆಯ ದಿನ ಹಾಲ್ ತುಂಬಿ ಹೊರಗೂ ಜನ ನಿಂತಿದ್ದರು. ಮಂಗಲಾ ಮೊದಲ ಚರಣ ಹಾಡಿದಳು. ಎರಡನೆಯದು ಹಾಡಿದಳು. ಜನ ಮೂರನೆಯದಕ್ಕೆ ಚಪ್ಪಾಳೆ ತಟ್ಟತೊಡಗಿದಾಗ ಕೈ ಮಾಡಿ ರೂಪಲಪ್ಪನನ್ನು ನಿಲ್ಲಿಸಿದಳು.

"ಇದು ದೇವರು ಕೊಟ್ಟ ಹಾಡು ಅಂತ ಹೇಳಿದ್ನಿ. ಒಬ್ಬರು ನಂಬಿ ಪ್ರಾರ್ಥನಾಕ್ಕ ಹೇಳಿದ್ದನ್ನ ನಾ ಹಾಡ ಮಾಡೀನಿ. ಅವರನ್ನ ಕೇಳಲಿಲ್ಲ. ಮೂರನೇ ಚರಣ ಅಂತೂ ಇನ್ನೂ ನಡದ ಇಲ್ಲ, ಅದು ನಾ ಕಟ್ಟಿದ ಸುಳ್ಳು. ನಡಿಯೂತನಕ ನಾ ಇದನ್ನ ಹಾಡಂಗಿಲ್ಲ. ನೀವೂ ಹಾಡಬ್ಯಾಡ್ರಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ರೂಪಲಪ್ಪ ತುಸು ಹೊತ್ತು ಅವಳ ಮುಖ ನೋಡಿದ, ಆಮೇಲೆ ಕೀಬೋರ್ಡ್ ಬಂದ್ ಮಾಡಿದ.

ಆಗ ಮಂಗಲಾ ಬಾಗಿಲ ಕಡೆ ನೋಡಿದಳು. ಹೊರಗೆ ನಿಂತವರ ನಡುವೆ ಶಂಕರಲಿಂಗ ಇದ್ದ. ಹೆಗಲಿಗೆ ಚೀಲ. ಅವಳನ್ನೇ ನೋಡುತ್ತಿದ್ದ.

ಇಷ್ಟು ಜನರ ಮುಂದೆ ಅವಳಿಗೆ ನಾಚಿಕೆಯಾಗಿತ್ತು. ತಲೆ ತಗ್ಗಿಸಿ ಕೂತುಬಿಡಬಹುದಿತ್ತು. ಸಭೆ ಮುಗಿಯುವ ಹೊತ್ತಿಗೆ ಬಾಗಿಲು ಖಾಲಿಯಾಗಿರುತ್ತಿತ್ತು...

ಅವಳು ತಗ್ಗಿಸಲಿಲ್ಲ. ಮೈಕ್ ಕೆಳಗಿಟ್ಟು, ಎಲ್ಲರೂ ನೋಡುತ್ತಿರುವಂತೆಯೇ ನಡುವಿನಿಂದ ನಡೆದು ಬಾಗಿಲ ಹೊರಗೆ ಬಂದಳು.

ಶಂಕರಲಿಂಗನ ಕಣ್ಣು ತುಂಬಿದ್ದವು.

"ಊರಿಗೆ ಹೊಂಟೀನಿ," ಎಂದ. "ಆವತ್ತ ನೀವು ಬಸ್ ಹತ್ತಿ ಬಂದು ನನ್ನ ಮುಂದ ನಿಂತ್ರಿ. ನಾ ಇನ್ನೂ ಅಪ್ಪನ ಮುಂದ ಹೋಗಿ ನಿಂತಿಲ್ಲ. ಬರೇ ಫೋನ್ ಮಾಡಕೋತ ಕೂತೀನಿ."

"ಅವರು ಒಳಗ ಕರೀಲಿಲ್ಲಂದ್ರ?"

"ಹೊರಗ ನಿಲ್ಲತೀನಿ. ಅವ ನಿಂತಷ್ಟರ ನಿಲ್ಲಬೇಕಲ್ಲ."

ಅವಳು ಕಣ್ಣು ಒರೆಸಿಕೊಂಡಳು. ಇನ್ನೊಂದು ಸುಳ್ಳು ಉಳಿದಿತ್ತು. ಅದನ್ನೂ ಇಟ್ಟುಕೊಳ್ಳುವುದು ಬೇಡವೆನಿಸಿತು.

"ದೇವರಿಗೋಸ್ಕರ ಕಟ್ಟೀನಿ ಅಂತ ಎಲ್ಲಾರಿಗೂ ಹೇಳೀನಿ. ಖರೇ ಅಂದ್ರ ನಿಮಗೋಸ್ಕರ ಕಟ್ಟಿದ್ದು. ನೀವು ನಗಬೇಕಂತ... ನಿಮ್ಮ ಮ್ಯಾಲೆ ನನಗ ಭಾಳ ಜೀವ ಐತಿ."

"ಗೊತ್ತೈತಿ. ಅದಕ್ಕ ಅಷ್ಟು ನೋವಾತು. ಬ್ಯಾರೆ ಯಾರರ ಕಟ್ಟಿದ್ರ ಅಷ್ಟು ಆಗತಿರಲಿಲ್ಲ."

"ಕ್ಷಮಿಸೀರೇನು, ಬ್ರದರ್?"

ಅವನು ಹೂಂ ಎಂದು ತಲೆಯಾಡಿಸಿದ. ಚೀಲದಿಂದ ಮಡಿಸಿದ ಟವೆಲ್ ತೆಗೆದ. ಹಣಮಪ್ಪನ ಟವೆಲ್ಲೇ ಅದು, ಒಗೆದು ಒಗೆದು ತೆಳ್ಳಗಾಗಿತ್ತು. ಬರಿಗೈಯಲ್ಲಿ ಹೇಗೆ ಹೋಗಲಿ, ರೊಟ್ಟಿ ಬಡಿಯಲು ತನಗೆ ಬರುವುದಿಲ್ಲ ಎಂದ.

ಮಂಗಲಾ ಒಳಗೆ ಹೋಗಿ ಸಾವಂತ್ರೆವ್ವ ಆ ದಿನದ ಊಟಕ್ಕೆಂದು ಕಟ್ಟಿಕೊಟ್ಟಿದ್ದ ರೊಟ್ಟಿ, ಶೇಂಗಾ ಚಟ್ನಿ ತಂದಳು. ಮೆಟ್ಟಿಲ ಮೇಲೆ ಟವೆಲ್ ಹಾಸಿ, ಬುತ್ತಿ ಕಟ್ಟಿ, ಗಂಟು ಬಿಗಿದು ಅವನ ಕೈಗಿಟ್ಟಳು.

"ಯಾರ ಕಟ್ಟಿಕೊಟ್ರು ಅಂತ ಅಪ್ಪ ಕೇಳಿದ್ರ ಏನ್ ಹೇಳ್ಲಿ?"

"ಖರೇ ಇದ್ದದ್ದ ಹೇಳ್ರಿ."

ಶಂಕರಲಿಂಗ ಅವತ್ತು ಮೊದಲ ಸಲ ನಕ್ಕ.

"ಹಂಗಾರ ಮದಲ ನೀವು ಬ್ರದರ್ ಅನ್ನೂದ ಬಿಡ್ರಿ."

"ಬಿಟ್ಟೀನಿ," ಎಂದಳು ಮಂಗಲಾ.